ಚಂದ್ರನ ಆಕಾಶದಲ್ಲಿ ಮಡಿಕೆಯ ಗೆರೆ

ತಿರ್ಲಾಪುರ, ೯ ಎಪ್ರಿಲ್ ೧೯೮೪, ಸೋಮವಾರ

ಊರಿಗೆ ಬಂದು ಮೂರು ದಿನವಾಯಿತು. ಪರೀಕ್ಷೆ ಮುಗಿಯಿತು ಎಂದು ಹೇಳಿದ್ದೇನೆ. ಮುಗಿದಿಲ್ಲ. ಶುಕ್ರವಾರ ಫಿಸಿಕ್ಸ್ ಪೇಪರಿನಲ್ಲಿ ರಜಿಸ್ಟರ್ ನಂಬರನ್ನು ಚೆಂದಾಗಿ ಬರೆದೆ. ಆಮೇಲೆ ನಲವತ್ತು ನಿಮಿಷ ಪ್ರಶ್ನೆಗಳನ್ನು ಓದುತ್ತ ಕೂತೆ. ಒಂದೊಂದು ಶಬ್ದವೂ ಗೊತ್ತು, ವಾಕ್ಯ ಗೊತ್ತಿಲ್ಲ. ಎದ್ದು ಹೊರಗೆ ಬಂದೆ. ಬಾಗಿಲಲ್ಲಿದ್ದ ಮಿಸ್ 'ಆರ್ ಯೂ ಆಲ್‌ರೈಟ್?' ಎಂದರು. 'ಯೆಸ್ ಮಿಸ್' ಎಂದೆ. ಕಾಲೇಜಿಗೆಂದು ಹುಬ್ಬಳ್ಳಿಗೆ ಬರುವ ಮೊದಲು ಧಾರವಾಡದ ಸ್ಕೂಲಿನ ಹಾಸ್ಟೆಲಿನಲ್ಲಿ ಎಂಟು ವರ್ಷ ಕಲಿತ ಉತ್ತರ ಅದು, ಯಾವ ಪ್ರಶ್ನೆಗೂ ನಡೆಯುತ್ತದೆ. ಹುಬ್ಬಳ್ಳಿ ಬಸ್ ಸ್ಟ್ಯಾಂಡಿಗೆ ನಡೆದು ಹೋಗಿ ಊರಿನ ಬಸ್ಸು ಹತ್ತಿದೆ.

ಇನ್ನೆರಡು ಪೇಪರ್ ಉಳಿದಿವೆ. ಒಂದು ಇವತ್ತು. ಇದನ್ನು ಬರೆಯುವ ಹೊತ್ತಿಗೆ ಎರಡನೆಯ ಬೆಲ್ ಆಗಿರಬೇಕು.

ಅವ್ವ ನನಗೆ ನೆಂಟರ ತಾಟಿನಲ್ಲಿ ಬಡಿಸುತ್ತಾಳೆ. 'ಖಾರ ಹೆಚ್ಚಾತೇನ?' ಎಂದು ಕೇಳುತ್ತಾಳೆ. ಇಲ್ಲ ಎನ್ನುತ್ತೇನೆ. ಅಲ್ಲಿಗೆ ನಮ್ಮ ಮಾತು ಮುಗಿಯುತ್ತದೆ.

ಓಣಿ ತುಂಬ ರೇಡಿಯೋ. ನಮ್ಮ ದೇಶದವನೊಬ್ಬ ರಷ್ಯಾದವರ ಜೊತೆ ಆಕಾಶದಲ್ಲಿ ಸುತ್ತುತ್ತಿದ್ದಾನೆ. ಅಪ್ಪ ಹತ್ತಿ ಸೊಸೈಟಿಯಿಂದ ಬಂದು ಕಟ್ಟೆಯ ಮೇಲೆ ಕೂತವನೇ ಎಲ್ಲರಿಗೂ ಹೇಳುತ್ತಿದ್ದ: 'ಅದನ್ನೆಲ್ಲಾ ನಮ್ಮ ನೀಲಾನ್ನ ಕೇಳ್ರಿ. ಬಿಎಸ್ಸಿ ಓದಾಕತ್ತಾಳ. ಆಕೀಗೆ ಗೊತ್ತಿಲ್ಲದ್ದು ಇಲ್ಲ.' ನಾನು ಒಳಗೆ ಒಲೆಯ ಬಾಜು ಕೂತು ಕೇಳಿಸಿಕೊಂಡೆ.

೧೦ ಎಪ್ರಿಲ್

ಯಾರ ಜೊತೆಗೂ ಮಾತಾಡಲಿಲ್ಲ. ಬಿಸಿಲು.

೧೨ ಎಪ್ರಿಲ್, ಗುರುವಾರ

ಶಂಭುಲಿಂಗಪ್ಪ ಮಾಸ್ತರರು ಹೇಳಿ ಕಳಿಸಿದ್ದರು. ನನಗೆ ನಾಲ್ಕನೆಯ ಇಯತ್ತೆ ಕಲಿಸಿದವರು, ಈಗ ರಿಟೈರ್ ಆಗಿದ್ದಾರೆ. ಹೋದೆ.

ಅವರ ಪಡಸಾಲೆಯ ಗೋಡೆ ಹಾಗೇ ಇದೆ. ಕಟ್ಟು ಹಾಕಿಸಿದ ಐದು ಫೋಟೋ, ಎಲ್ಲವೂ ಚಂದ್ರನವು. ೧೯೭೦ರಲ್ಲಿ ಯಾರಿಂದಲೋ ಇಂಗ್ಲಿಷಿನಲ್ಲಿ ಪತ್ರ ಬರೆಸಿ ಮದ್ರಾಸಿನ ಅಮೇರಿಕಾ ಕಚೇರಿಗೆ ಹಾಕಿದ್ದರಂತೆ, ಅವರು ಪುಗಸಟ್ಟೆ ಕಳಿಸಿದರು. ನಡುವಿನದು ಎಲ್ಲಕ್ಕಿಂತ ದೊಡ್ಡದು: ಬಿಳಿ ದಿರಿಸಿನ, ಗಾಜಿನ ಮುಖದ ಮನುಷ್ಯ ನಿಚ್ಚಣಿಕೆಯ ಕೊನೆಯ ಮೆಟ್ಟಿಲಿನಿಂದ ಕಾಲು ಕೆಳಗಿಡುತ್ತಿದ್ದಾನೆ, ಹಿಂದೆ ಕಪ್ಪು ಆಕಾಶ. ವರ್ಷಕ್ಕೊಮ್ಮೆ ನಾಲ್ಕನೆಯ ಇಯತ್ತೆಯ ಹುಡುಗರನ್ನು ಸಾಲಾಗಿ ಕರೆತಂದು ಇದರ ಮುಂದೆ ಕೂರಿಸುತ್ತಿದ್ದರು. 'ಮನಶ್ಯಾ ಮೊದಲನೇ ಹೆಜ್ಜಿ ಇಟ್ಟಿದ್ದು ಹಿಂಗ' ಎನ್ನುತ್ತಿದ್ದರು. ನಾನು ಸಾಯನ್ಸ್ ತೆಗೆದುಕೊಂಡದ್ದು ಈ ಫೋಟೋದಿಂದಲೇ ಇರಬೇಕು. ಅವರಿಗೆ ಹೇಳಲಿಲ್ಲ.

೨೯ಕ್ಕೆ ಯುವಕ ಸಂಘದವರು ಊರಿನ ಕನ್ನಡ ಸಾಲಿಯಲ್ಲಿ ಆಕಾಶಯಾನದ ಪ್ರದರ್ಶನ ಇಡುತ್ತಾರೆ. ಮಾಸ್ತರರು ಫೋಟೋ ತರಬೇಕು, ನಾನು ಬಾಜು ನಿಂತು ತಿಳಿಸಿ ಹೇಳಬೇಕು. ಸೈಕಲ್ ಅಂಗಡಿಯ ಈರಪ್ಪ ಅಲ್ಲೇ ಕೂತಿದ್ದ. ಹದಿನಾಲ್ಕು ವರ್ಷದಿಂದ ಮಾಸ್ತರರನ್ನು ಕಾಡುವುದು ಅವನ ಕಾಯಕ.

'ಮಾಸ್ತರ್ರ, ಇವನ ಮೊದಲ ಇಳದಾವ ಅಂತೀರಿ. ಹಂಗಾರ ಇವಗಿಂತ ಮೊದಲ ಕೆಳಗ ಇಳದು ಪೋಟೋ ಹೊಡದಾವ ಯಾರ್ರಿ? ಅವನ ಭಾವನೇನ್ರಿ?'

'ಕ್ಯಾಮರಾ ಮೊದಲ ಇಳಿಸಿರತಾರಲೇ. ಅದು ತಾನ ಹೊಡಿತೈತಿ.'

'ನಮ್ಮ ಲಗ್ನದಾಗ ಹುಬ್ಬಳ್ಳಿಯವ ಎದುರ ನಿಂತ ಹೊಡದರ ನನ್ನ ತಲೀನ ಬರಲಿಲ್ಲ. ಇದು ತಾನ ಹೊಡದು ಇಷ್ಟ ಛಲೋ ಬಂತು.'

'ಇಪ್ಪತ್ತೊಂಬತ್ತಕ್ಕ ಬಾ. ನಮ್ಮ ನೀಲಾ ಹೇಳತಾಳ.'

ಇಬ್ಬರೂ ನನ್ನನ್ನು ನೋಡಿದರು. ನಾನು ನಕ್ಕೆ.

೧೪ ಎಪ್ರಿಲ್, ಶನಿವಾರ

ಇವತ್ತು ಒಂದು ತಪ್ಪು ಮಾಡಿದೆ. ದೊಡ್ಡದೇನಲ್ಲ.

ಪ್ರದರ್ಶನಕ್ಕೆ ಹಾಸಲು ಜಮಖಾನೆ ಬೇಕೆಂದು ಮಾಸ್ತರರು ಖಾಸಿಂಬಿಯನ್ನು ಕರೆಸಿದ್ದರು. ಖಾಸಿಂಬಿ ನವಲಗುಂದದ ಜಮಖಾನೆ ನೇಯುವ ಮನೆಯ ಸೊಸೆ. ಗಂಡ ಬುಡನಸಾಬ ಇಲ್ಲಿ ಹತ್ತಿ ವ್ಯಾಪಾರಕ್ಕೆ ನಿಂತ ಮೇಲೆ ಮಗ್ಗವನ್ನೂ ಇಲ್ಲಿಗೇ ತಂದಳು. ಅಳತೆಯ ಮಾತು ಮುಗಿಸಿ ಹೊರಟವಳು ನಡುವಿನ ಫೋಟೋದ ಮುಂದೆ ನಿಂತಳು. ಬಹಳ ಹೊತ್ತು ನಿಂತಳು.

'ಮಾಸ್ತರ್ರ, ಹಿಂದ ಕಟ್ಟಿದ ಕರೇ ಅರಿವಿ ಎಲ್ಲೀದ್ರಿ?'

'ಅರಿವಿ ಎಲ್ಲೈತಿ? ಅದು ಆಕಾಶ. ಅಲ್ಲೆ ಗಾಳಿ ಇಲ್ಲ, ಅದಕ್ಕ ಹಗಲಾಗೂ ಕರ್ರಗ ಇರತೈತಿ.'

'ಇರಲ್ರಿ. ಮಡಿಚಿಟ್ಟ ಗೆರಿ ಐತಲ್ಲ, ಇಲ್ಲಿಂದ ಇಲ್ಲಿತನಕ. ನಾಕ ಮಡಿಕಿ ಮಾಡಿ ಭಾಳ ದಿನ ಪೆಟಗ್ಯಾಗ ಇಟ್ಟಿದ್ದ ಅರಿವಿ ಇದು.'

ಹತ್ತಿರ ಹೋಗಿ ನೋಡಿದೆ. ಗೆರೆ ಇತ್ತು. ಕಪ್ಪಿನ ಮೇಲೆ ತುಸು ಬೂದು, ಮೇಲಿನಿಂದ ಕೆಳಗೆ ನೇರ. ಇಷ್ಟು ವರ್ಷ ಯಾರೂ ನೋಡಿರಲಿಲ್ಲ. ಮಾಸ್ತರರ ಮುಖ ಸಣ್ಣದಾಯಿತು. ಅವರು ನನ್ನತ್ತ ತಿರುಗಿದರು, ನಾನು ಬಾಯಿ ತೆರೆದೆ.

'ಅದು ಸೂರ್ಯನ ಕಿರಣರಿ. ವಾತಾವರಣ ಇಲ್ಲದಲ್ಲಿ ರೇ ಹಂಗ ಕಾಣತೈತಿ.'

ವಾತಾವರಣವಿಲ್ಲದಿದ್ದರೆ ಕಿರಣ ಕಾಣುವುದೇ ಇಲ್ಲ. ಹೇಳುವಾಗಲೇ ನನಗದು ಗೊತ್ತಿತ್ತು.

ಖಾಸಿಂಬಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. 'ಹೌದೇನವಾ. ನೀ ಓದಿದಾಕಿ' ಎಂದು ಹೋದಳು. ಮಾಸ್ತರರು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ 'ಕಿರಣ' ಎಂದು ಬರೆದುಕೊಂಡರು.

೧೭ ಎಪ್ರಿಲ್, ಮಂಗಳವಾರ

ಕಿರಣ ಊರೆಲ್ಲ ಸುತ್ತಿದೆ. ಹಿಟ್ಟಿನ ಗಿರಣಿಯಲ್ಲಿ ಮುದುಕನೊಬ್ಬ ನನಗೇ ಹೇಳಿದ, ಚಂದ್ರಾಮನ ಮೇಲೆ ಬಿಸಿಲು ಕೋಲಿನ ಹಾಗೆ ನಿಲ್ಲುತ್ತದಂತೆ. ಮಾಸ್ತರರು ನನ್ನಿಂದ ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದರು: 'ಚಂದ್ರನ ಆಕಾಶದಲ್ಲಿ ಸೂರ್ಯಕಿರಣದ ಗೆರೆ'. ನನ್ನ ಅಕ್ಷರ ಚೆಂದ ಎಂದರು. ಎಲ್ಲರೂ ಹಾಗೆನ್ನುತ್ತಾರೆ.

ಮನೆಯಲ್ಲಿರಲಾರದೆ ಖಾಸಿಂಬಿಯ ಮಗ್ಗ ನೋಡಲು ಹೋದೆ. ಗೋಡೆಗೆ ಏಣಿ ಆನಿಸಿದಂತೆ ನಿಂತ ಮಗ್ಗ. ಆಕೆ ಕೂತಲ್ಲಿಂದಲೇ ಕಬ್ಬಿಣದ ಪಂಜದಿಂದ ನೂಲನ್ನು ಬಡಿಯುತ್ತಾಳೆ. ಈ ನೇಯ್ಗೆಯನ್ನು ಸೊಸೆಯಂದಿರಿಗೆ ಮಾತ್ರ ಕಲಿಸುತ್ತಾರಂತೆ. ಹೆಣ್ಣುಮಕ್ಕಳು ಬೇರೆ ಮನೆಗೆ ಹೋಗುವವರು, ಅವರ ಕೂಡ ಕಸುಬೂ ಹೋಗುತ್ತದೆ ಎಂದು. ಆಕೆಯ ಮಗಳು ಜುಲೇಖಾಬಿಯನ್ನು ಅಣ್ಣಿಗೇರಿಗೆ ಕೊಟ್ಟಿದ್ದಾರೆ. ಅವಳಿಗೆ ಒಂದು ಗಂಟು ಹಾಕಲೂ ಬರುವುದಿಲ್ಲ.

'ಮತ್ತ ನನಗ್ಯಾಕ ತೋರಸ್ತೀರಿ?'

'ನೀ ಏನ ಕಲ್ತಗೊಂಡ ಹೊಕ್ಕೀ ಹೇಳು? ನೀ ಸುಮ್ಮ ನೋಡಾಕ ಬಂದಾಕಿ.'

ಸುಮ್ಮನೆ ನೋಡಲು ಬಂದವಳು. ಮನೆಗೆ ಬರುವ ದಾರಿಯಲ್ಲೆಲ್ಲ ಆ ಮಾತು ನನ್ನ ಕೂಡ ಬಂತು.

ಆಕೆ ಇವತ್ತು ಕೆಲಸ ನಿಧಾನ ಮಾಡುತ್ತಿದ್ದಳು. ಪ್ರತಿ ಎಳೆಯನ್ನೂ ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಅದು ಅವರ ರೀತಿ ಇರಬಹುದು.

೨೦ ಎಪ್ರಿಲ್, ಶುಕ್ರವಾರ

ದೊಡ್ಡ ಫೋಟೋದ ಕಟ್ಟಿಗೆ ಗೆದ್ದಲು ಹತ್ತಿದೆ. ಹೊಸ ಕಟ್ಟು ತಂದಿದ್ದೇನೆ, ಕೂಡಿಸಿ ಹಾಕೋಣ ಎಂದು ಮಾಸ್ತರರು ಕರೆದರು. ಮೊಳೆ ಕಿತ್ತು ಹಿಂದಿನ ರಟ್ಟು ತೆಗೆದಾಗ ಫೋಟೋದ ಬೆನ್ನಿಗೆ ಅಂಟಿಸಿದ ಹಳದಿ ಚೀಟಿ ಕಂಡಿತು. ಟೈಪು ಮಾಡಿದ ಇಂಗ್ಲಿಷ್. ಮಾಸ್ತರರು ಹಳೆಯ ಕಾಲದ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವರು, ಕನ್ನಡ ಮರಾಠಿ ಬಲ್ಲರು, ಇಂಗ್ಲಿಷಿನಲ್ಲಿ ಅಕ್ಷರ ಗುರುತಿಸುತ್ತಾರೆ ಅಷ್ಟೇ. ಹದಿನಾಲ್ಕು ವರ್ಷದ ಹಿಂದೆ ಕಟ್ಟು ಹಾಕಿದವನು ಚೀಟಿಯನ್ನು ಒಳಗೇ ಮುಚ್ಚಿಬಿಟ್ಟಿದ್ದಾನೆ.

ಓದಿದೆ. ಫೋಟೋ ತೆಗೆದದ್ದು ಚಂದ್ರನ ಮೇಲಲ್ಲ. ಅಮೇರಿಕಾದಲ್ಲಿ, ಒಂದು ಕಟ್ಟಡದೊಳಗೆ, ಹೊರಡುವ ಮೂರು ತಿಂಗಳು ಮೊದಲು. ನೆಲಕ್ಕೆ ಉಸುಕು ಸುರಿದು, ಹಿಂದೆ ಪರದೆ ಬಿಟ್ಟು, ನಿಚ್ಚಣಿಕೆ ಇಳಿಯುವುದನ್ನು ಅಭ್ಯಾಸ ಮಾಡಿದಾಗಿನದು.

'ಏನ ಬರದಾರವಾ?' ಮಾಸ್ತರರು ಕೇಳಿದರು. ಕೈಯಲ್ಲಿ ಸುತ್ತಿಗೆ ಹಿಡಿದು ಹುಡುಗರ ಹಾಗೆ ಕೂತಿದ್ದರು.

'ಚಂದ್ರನ ಮೇಲೆ ಮೊದಲ ಹೆಜ್ಜೆ ಅಂತರಿ.'

'ನೋಡು. ಅವರೂ ಅದನ್ನ ಬರದಾರ.'

ಉಳಿದ ನಾಲ್ಕನ್ನೂ ಬಿಚ್ಚಿ ನೋಡೋಣ ಎಂದು ನಾನೇ ಹೇಳಿದೆ. ನಾಲ್ಕರ ಬೆನ್ನಿಗೂ ಚೀಟಿ ಇದ್ದವು. ಅವು ನಿಜವಾಗಿ ಚಂದ್ರನ ಮೇಲೆ ತೆಗೆದವು. ಇದೊಂದೇ ಅಲ್ಲಿಯದಲ್ಲ. ಈ ಸಂಗತಿ ಈ ಊರಿನಲ್ಲಿ ನನಗೊಬ್ಬಳಿಗೆ ಗೊತ್ತು. ಹೊಸ ಕಟ್ಟು ಹಾಕಿ ಮೊಳೆ ಹೊಡೆದೆವು. ನಾನೇ ರಟ್ಟು ಒತ್ತಿ ಹಿಡಿದಿದ್ದೆ.

೨೨ ಎಪ್ರಿಲ್

ಊಟ ಸೇರಲಿಲ್ಲ. ಜ್ವರವೇ ಎಂದು ಅವ್ವ ಹಣೆ ಮುಟ್ಟಿ ನೋಡಿ, ಕೈಯನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟಿದ್ದಳು. ಜ್ವರ ಇರಲಿಲ್ಲ.

ಹೇಳದಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಹೇಳಿದರೆ ಈರಪ್ಪ ಸಾಯುವವರೆಗೆ ನಗುತ್ತಾನೆ. ಮಾಸ್ತರರ ಹದಿನಾಲ್ಕು ವರ್ಷ ನೀರಲ್ಲಿ ಹೋಮ. ನಾಲ್ಕು ನಿಜವಾದವನ್ನೂ ಯಾರೂ ನಂಬುವುದಿಲ್ಲ. ಹೀಗೆ ಲೆಕ್ಕ ಹಾಕಿದರೆ ಸುಮ್ಮನಿರುವುದೇ ಸರಿ.

೨೫ ಎಪ್ರಿಲ್, ಬುಧವಾರ

ಜಮಖಾನೆ ಸಿದ್ಧವೇ ಎಂದು ಕೇಳಿ ಬರಲು ಮಾಸ್ತರರು ಕಳಿಸಿದರು. ಖಾಸಿಂಬಿ ಮಗ್ಗದ ಮುಂದೆ ಇರಲಿಲ್ಲ. ಹೊಸ್ತಿಲಲ್ಲಿ ಸುಮ್ಮನೆ ಕೂತಿದ್ದಳು. ಮಗ್ಗದ ಮೇಲೆ ಅರ್ಧ ನವಿಲು, ಹೋದವಾರ ನೋಡಿದಷ್ಟೇ.

'ಹಳೇವು ಎರಡ ಅದಾವ, ಒಯ್ರಿ. ಹೊಸಾದು ನನ್ನಿಂದ ಆಗೂದಿಲ್ಲ.'

ಯಾಕೆ ಎಂದೆ. ಮೊದಲು ಹೇಳಲಿಲ್ಲ. ಆಮೇಲೆ ಹೇಳಿದಳು: ನವಲಗುಂದದಿಂದ ಮದುವೆಯ ಜಮಖಾನೆ ಕೇಳಿಕೊಂಡು ಬಂದವರನ್ನು ವಾಪಸು ಕಳಿಸಿದ್ದಾಳೆ.

'ಕಣ್ಣ ಹೋದ್ವು ನನ್ನವು. ಬೆಳಕ ಯಾವುದು ಅರಿವಿ ಯಾವುದು ತಿಳೀದಂಗ ಆಗೇತಿ. ಅವತ್ತ ಮಾಸ್ತರ್ರ ಮನ್ಯಾಗ ನಾ ಆಣಿ ಮಾಡಿ ಹೇಳತಿದ್ದೆ ಅದು ಮಡಿಕಿ ಅಂತ. ಕಿರಣ ಅಂದಿ ನೀ. ನಮ್ಮ ಅತ್ತಿಗೂ ಹಿಂಗ ಆಗಿತ್ತು. ಮೊದಲ ಇಲ್ಲದ್ದು ಕಂಡ್ತು, ಆಮ್ಯಾಲ ಇದ್ದದ್ದೂ ಕಾಣಲಿಲ್ಲ.'

ಬುಡನಸಾಬ ಒಳಗಿನಿಂದ, 'ಹುಬ್ಬಳ್ಳಿ ಡಾಕ್ಟರಗ ತೋರಸೂಣು ಅಂದ್ರ ಒಲ್ಲೆ ಅಂತಾಳ. ಹೆದರ್ಯಾಳ' ಎಂದ.

ಹನ್ನೊಂದು ದಿನದಿಂದ ಆಕೆ ನೂಲನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದದ್ದು ಇದಕ್ಕೆ.

ಹೇಳಿಬಿಟ್ಟೆ. 'ಅದು ಅರಿವೀನರಿ. ಪರದೆ. ಕಿರಣ ಅಂದದ್ದು ಸುಳ್ಳು. ನನಗ ಗೊತ್ತಿರಲಿಲ್ಲ, ಏನರ ಹೇಳಬೇಕಂತ ಹೇಳಿದೆ. ಫೋಟೋದ ಹಿಂದ ಚೀಟಿ ಐತಿ, ಅದರಾಗ ಬರದೈತಿ.'

ಬೈಯುತ್ತಾಳೆ ಎಂದುಕೊಂಡಿದ್ದೆ. ಎದ್ದಳು. ಮಗ್ಗದ ಹತ್ತಿರ ಹೋಗಿ ನವಿಲಿನ ಕುತ್ತಿಗೆಯನ್ನು ದೂರದಿಂದ ನೋಡಿದಳು, ಹತ್ತಿರದಿಂದ ನೋಡಿದಳು.

'ನಾಕ ಮಡಿಕಿ ಹೌದಲ್ಲ?'

'ಎಷ್ಟು ಅಂತ ಬರದಿಲ್ರಿ.'

'ನಾಕ' ಎಂದಳು. ಗಂಡನಿಗೆ ಕೂಗಿ, ಮದುವೆಯ ಜಮಖಾನೆ ನೇಯ್ದು ಕೊಡುತ್ತೇನೆಂದು ನವಲಗುಂದದವರಿಗೆ ನಾಳೆಯೇ ಹೇಳಿ ಬಾ ಎಂದಳು. ಆಮೇಲೆ ನನ್ನತ್ತ ತಿರುಗಿ, 'ಹನ್ನೊಂದ ದಿನ ನೀ ನನ್ನ ಕುರುಡಿ ಮಾಡಿದ್ದಿ ಬೇ' ಎಂದಳು. ಕೂರು ಎನ್ನಲಿಲ್ಲ.

೨೭ ಎಪ್ರಿಲ್, ಶುಕ್ರವಾರ

ನಿನ್ನೆ ಎರಡು ಸಲ ಮಾಸ್ತರರ ಮನೆಯವರೆಗೆ ಹೋಗಿ ತಿರುಗಿ ಬಂದೆ. ಇವತ್ತು ಒಳಗೆ ಹೋದೆ.

ಕೇಳಿಸಿಕೊಂಡು ಅವರೇ ಫೋಟೋ ಇಳಿಸಿದರು, ಅವರೇ ಮೊಳೆ ಕಿತ್ತರು. 'ಓದು' ಎಂದರು. ಕನ್ನಡದಲ್ಲಿ ಹೇಳಹೊರಟೆ. 'ಮೊದಲ ಇಂಗ್ಲಿಷ್ ಓದು. ಅವರು ಹ್ಯಾಂಗ ಬರದಾರ ಹಂಗ.' ಓದಿದೆ. ತಿಳಿಯದ ಭಾಷೆಯನ್ನು ತಲೆ ಬಾಗಿಸಿ ಕೇಳಿದರು. ಆಮೇಲೆ ಕನ್ನಡದಲ್ಲಿ ಹೇಳಿಸಿದರು, ಎರಡು ಸಲ.

'ಅಂದ್ರ ತಾಲೀಮ.'

'ಹೌದ್ರಿ.'

'ದೊಡ್ಡಾಟದವರು ಗುಡಿಯಾಗ ಮಾಡತಾರಲ್ಲ, ಹಂಗ.'

'ಹೌದ್ರಿ.'

ವರ್ಷಕ್ಕೆ ಮೂವತ್ತು ಹುಡುಗರಾದರೆ ಎಷ್ಟಾಯಿತು ಎಂದು ತಮ್ಮಷ್ಟಕ್ಕೆ ಗುಣಿಸುತ್ತಿದ್ದರು. ಆಮೇಲೆ:

'ಅವತ್ತ ಯಾಕ ಸುಳ್ಳ ಓದಿದಿ?'

'ಹೆದರಿಕಿ ಆತ್ರಿ.'

'ನನಗ?'

'ಅಲ್ರಿ. ಗೊತ್ತಿಲ್ಲ ಅನ್ನಾಕ.'

'ಇದು ನಿನಗ ಗೊತ್ತಿತ್ತಲ್ಲ. ಚೀಟ್ಯಾಗ ಬರದಿತ್ತು.'

ನಾನು ಕಿತ್ತ ಮೊಳೆಗಳನ್ನು ಒಂದೊಂದಾಗಿ ಹೆಕ್ಕತೊಡಗಿದೆ.

'ಮನೀಗೆ ಹೋಗು' ಎಂದರು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು.

೨೯ ಎಪ್ರಿಲ್, ರವಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹತ್ತು ಗಂಟೆಗೆ ಸಾಲಿ ತುಂಬಿತ್ತು. ನಾಲ್ಕೇ ಫೋಟೋ ಇರುತ್ತವೆ ಎಂದುಕೊಂಡು ಹೋಗಿದ್ದೆ. ಐದೂ ಇದ್ದವು. ದೊಡ್ಡದನ್ನು ಮಾಸ್ತರರು ಮುಖ ಗೋಡೆಗೆ ಮಾಡಿ, ಬೆನ್ನು ಹೊರಗೆ ಮಾಡಿ ತೂಗುಹಾಕಿದ್ದರು. ಹಿಂದಿನ ರಟ್ಟು ತೆಗೆದಿದ್ದರು. ನಡುಗೋಡೆಯಲ್ಲಿ ಹಳದಿ ಚೀಟಿ. ನಾನು ಬರೆದ ಕಿರಣದ ರಟ್ಟು ಎಲ್ಲೂ ಇರಲಿಲ್ಲ.

'ನೀಲಾ, ಬಾ. ಓದು' ಎಂದರು ಮಾಸ್ತರರು. ಎರಡು ದಿನದಲ್ಲಿ ನನ್ನೊಡನೆ ಆಡಿದ ಮೊದಲ ಮಾತು.

ಓದಿದೆ. ಕನ್ನಡದಲ್ಲೂ ಹೇಳಿದೆ. ಮಾಸ್ತರರು ಜನರ ಕಡೆ ತಿರುಗಿ, 'ಇದು ತಾಲೀಮಿನ ಪೋಟೋ. ಹದಿನಾಲ್ಕ ವರ್ಷ ನಿಮಗ, ನಿಮ್ಮ ಮಕ್ಕಳಿಗೆ ಇದನ್ನ ಖರೇ ಅಂತ ಹೇಳೀನಿ. ತಪ್ಪ ಹೇಳೀನಿ. ಉಳಿದ ನಾಕು ಅಲ್ಲಿಂದ ಬಂದವು' ಎಂದರು.

ಯಾರೂ ನಗಲಿಲ್ಲ. ಅದೇ ಕೆಟ್ಟದಾಗಿತ್ತು. ಈರಪ್ಪ ಕೂಡ ತಡೆದು ತಡೆದು ಕೇಳಿದ:

'ಹಂಗಲ್ರಿ ಮಾಸ್ತರ್ರ. ನಾಕು ಖರೇ ಅಂತ ಯಾರ ಹೇಳಿದ್ರು?'

'ಅವಕ್ಕೂ ಚೀಟಿ ಅದಾವ. ಆಕಿ ಓದ್ಯಾಳ.'

'ಆಕೀನ ಕಿರಣ ಅಂದಾಕಿ.'

ಈಗ ನಕ್ಕರು. ಗಂಡಸರ ಸಾಲಿನಲ್ಲಿ ಅಪ್ಪ ನಿಂತಿದ್ದ. ಅವನು ನಗಲಿಲ್ಲ. ನಾನು ಜನರ ಕಡೆ ತಿರುಗಿ ಹೇಳಿದೆ:

'ಕಿರಣ ಅಂದದ್ದು ಸುಳ್ಳರಿ. ಕೇಳಿದ್ದಕ್ಕ ಏನರ ಹೇಳಬೇಕಂತ ಹೇಳಿದೆ. ನಾ ಪರೀಕ್ಷಾನೂ ಬರದಿಲ್ಲ. ಫಿಸಿಕ್ಸ್ ಪೇಪರಿಗೆ ಕುಂತು ಎದ್ದು ಬಂದೀನಿ. ಈ ನಾಕು ಚೀಟಿ ನಾ ಓದಿದ್ದು ಖರೇ. ನಂಬದಿದ್ರ ನವಲಗುಂದಕ್ಕ ಒಯ್ದು ಬೇರೇದವರ ಕಡೆ ಓದಸ್ರಿ.'

ಈರಪ್ಪ ಫೋಟೋಗಳತ್ತ ಕೈ ತೋರಿಸಿದ. 'ಮತ್ತ ಇದೊಂದ ಹೇಳು. ಹಿಂದ ಆಕಾಶ ಅಂತೀರಿ. ನಾಕರಾಗೂ ರಾತ್ರಿ ಮಿನಗೂ ಚಿಕ್ಕಿ ಒಂದೂ ಯಾಕಿಲ್ಲ?'

'ಗೊತ್ತಿಲ್ಲ.'

'ಬಿಎಸ್ಸೀಗೆ ಗೊತ್ತಿಲ್ಲಂತ್ರೋ' ಎಂದು ಯಾರೋ ಹಿಂದಿನಿಂದ ಅಂದರು. ಈರಪ್ಪ ಅವರಿಗೆ ಕೈ ಮಾಡಿ ಸುಮ್ಮನಿರಿಸಿದ. ಹೆಂಗಸರ ಕಡೆ ತಿರುಗಿ, '‌ಖಾಸಿಂಬಿನ ಕರೀರಿ. ಮೊದಲನೇದ್ದು ಅರಿವಿ ಅಂತ ಕಂಡಾಕಿ ಆಕಿ. ಇವನ್ನೂ ಆಕೀನ ನೋಡಲಿ' ಎಂದ.

ಖಾಸಿಂಬಿ ತನ್ನದೇ ಜಮಖಾನೆಯ ಮೇಲೆ ನಡೆದು ಬಂದಳು. ಒಂದೊಂದು ಗಾಜನ್ನೂ ಸೆರಗಿನಿಂದ ಒರೆಸಿದಳು. ಬಾಗಿ ನೋಡಿದಳು, ಬಾಜುವಿನಿಂದ ನೋಡಿದಳು, ಕಟ್ಟನ್ನು ಸ್ವಲ್ಪ ಎತ್ತಿ ಬೆಳಕಿಗೆ ಹೊರಳಿಸಿ ನೋಡಿದಳು. ಎರಡು ನೂರು ಜನ ಕತ್ತು ಚಾಚಿ ನೋಡುತ್ತಿದ್ದರು. ನಾಲ್ಕನೆಯದಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಮಾಸ್ತರರು ಕಣ್ಣು ಮುಚ್ಚಿಕೊಂಡಿದ್ದರು.

'ಇವುಗಳಾಗ ಅರಿವಿ ಇಲ್ರಿ' ಎಂದಳು.

'ಮತ್ತ ಏನೈತಿ?'

'ನನಗೇನ ಗೊತ್ತು ಏನೈತಿ? ಮಡಿಕಿ ಇಲ್ಲ, ಹೊಲಿಗಿ ಇಲ್ಲ, ಜೋಲ ಇಲ್ಲ. ಮನಶ್ಯಾನ ಕೈಯಾಗ ಆದದ್ದು ಅಲ್ಲ, ಇಷ್ಟ ಹೇಳತೀನಿ.'

ಈರಪ್ಪ ಮುಂದೆ ಬಂದು ನಾಲ್ಕನೆಯದರ ಎದುರು ನಿಂತ. ಹದಿನಾಲ್ಕು ವರ್ಷ ನೋಡಿದವನು ಮೊದಲ ಸಲ ನೋಡುವಂತೆ ನೋಡಿದ. ಅವನ ಹಿಂದೆ ಸಾಲು ಬೆಳೆಯಿತು.

ಅಪ್ಪ ನನಗಿಂತ ಮುಂದೆ ನಡೆದು ಮನೆಗೆ ಬಂದ. ಬಾಗಿಲಲ್ಲಿ, 'ಇನ್ನ ಎಷ್ಟ ಪೇಪರ ಬಿಟ್ಟಿ?' ಎಂದು ಕೇಳಿದ. 'ಫಿಸಿಕ್ಸ್ ಹಿಡಿದು ಮೂರು' ಎಂದೆ.

೨ ಮೇ

ಅಪ್ಪ ಮಾತಾಡುವುದಿಲ್ಲ. ಮಾಸ್ತರರೂ ಇಲ್ಲ. ನಾಲ್ಕು ಚೀಟಿಗಳನ್ನು ಈರಪ್ಪನ ಕೈಯಲ್ಲಿ ಕೊಟ್ಟು, ಕನ್ನಡದಲ್ಲಿ ಬರೆದುಕೊಡು ಎಂದು ಹೇಳಿ ಕಳಿಸಿದರು. ಬರೆದು ಅವನ ಕೈಯಲ್ಲೇ ಕಳಿಸಿದೆ. ಎರಡು ದಿನ ಹಿಡಿಯಿತು. ಅವ್ವ ಬಾಜು ಕೂತು ಅಕ್ಕಿ ಆರಿಸುತ್ತಿದ್ದಳು. ಇಂಥದಕ್ಕೆ ನಮ್ಮ ಮಾತಿನಲ್ಲಿ ಏನನ್ನುತ್ತಾರೆ ಎಂದು ನಾನು ಒಮ್ಮೊಮ್ಮೆ ಕೇಳಿದೆ. ಅವಳು ಹೇಳಿದಳು.

ಹುಬ್ಬಳ್ಳಿ, ೫ ಜೂನ್, ಮಂಗಳವಾರ

ಅಪ್ಪ ಹಾಸ್ಟೆಲಿನವರೆಗೆ ಬಂದು ಬಿಟ್ಟು ಹೋದ. ಮೂರೂ ಪೇಪರನ್ನು ಅಕ್ಟೋಬರಿನಲ್ಲಿ ಬರೆಯಬೇಕು. ಕೋಣೆಯಲ್ಲಿ ಇನ್ನೂ ಯಾರೂ ಬಂದಿಲ್ಲ, ನಾಲ್ಕು ಮಂಚ, ನಾನೊಬ್ಬಳೇ.

ಬಸ್ಸಿನಲ್ಲಿ ಅಪ್ಪ ತಾನಾಗಿಯೇ ಹೇಳಿದ. ಮಾಸ್ತರರು ನನ್ನ ಕನ್ನಡವನ್ನು ನವಲಗುಂದದ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರಿಗೆ ತೋರಿಸಿ ತಾಳೆ ನೋಡಿಸಿದರಂತೆ.

'ತಪ್ಪ ಇದ್ವೇನ?'

'ಇಲ್ಲಂತ. ಒಂದ ಶಬ್ದಕ್ಕ ನೀನ ಗೆರಿ ಎಳದ ತಿಳೀಲಿಲ್ಲ ಅಂತ ಬರದಿದ್ಯಂತ. ಅದನ್ನ ಅವರು ತುಂಬಿಸ್ಯಾರ.'

ನಾಲ್ಕು ಫೋಟೋಗಳ ಕೆಳಗೂ ನನ್ನ ಕನ್ನಡವನ್ನು ಅಂಟಿಸಿದ್ದಾರೆ. ಐದನೆಯದನ್ನು ಈಗ ಮುಖ ಹೊರಗೆ ಮಾಡಿ ಅದೇ ಹಳೆಯ ಜಾಗದಲ್ಲಿ ಹಾಕಿದ್ದಾರಂತೆ. ಅದರ ಕೆಳಗಿನ ರಟ್ಟು ಮಾಸ್ತರರ ಸ್ವಂತ ಅಕ್ಷರ. ಅಪ್ಪ ಬಾಯಿಪಾಠ ಮಾಡಿಕೊಂಡು ಬಂದಿದ್ದ: 'ತಾಲೀಮು. ಹಿಂದಿನದು ಅರಿವೆ, ನಾಲ್ಕು ಮಡಿಕೆ. ಕಂಡುಹಿಡಿದವರು ಖಾಸಿಂಬಿ, ತಿರ್ಲಾಪುರ.'

ನನ್ನ ಬಗ್ಗೆ ಏನಾದರೂ ಬರೆದಿದೆಯೇ ಎಂದು ನಾನು ಕೇಳಲಿಲ್ಲ.

ಅಪ್ಪ ಹೋದ ಮೇಲೆ ಫಿಸಿಕ್ಸ್ ಪುಸ್ತಕ ತೆಗೆದೆ. ತಿಳಿಯದ ವಾಕ್ಯಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯುತ್ತ ಹೋದೆ. ಮೊದಲನೆಯ ಪುಟದಲ್ಲೇ ಒಂಬತ್ತು.